ಗೊತ್ತಿಲ್ಲದವರಂತೆ ಕೂತು ನೋಡಿದ ಹಾಡಿನ ಸ್ಪರ್ಧೆ

ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಬಹಳ ಕಾಲ ಒಪ್ಪದವಳು ನಾನೊಬ್ಬಳೇ ಇದ್ದೆ. ಈಗ ನಾನೂ ಆ ಪಕ್ಷಕ್ಕೇ ಸೇರಿದ್ದೇನೆ. ಹುಟ್ಟುಹಬ್ಬಕ್ಕೆಂದು ಗಂಡನಿಗೆ ತಂದಿಟ್ಟ ಅಂಗಿಯ ಬಣ್ಣವನ್ನು ವಾರ ಮೊದಲೇ ಅವರಿಗೇ ಹೇಳಿಬಿಡುವವಳು ನಾನು. ಸಿನಿಮಾ ನೋಡುವಾಗ ಪಕ್ಕದವರ ಮೊಣಕೈ ತಿವಿದು "ಈಗ ನೋಡಿ, ಆ ಬಾಗಿಲಿಂದ ಬರ್ತಾನೆ" ಎನ್ನುವವಳೂ ನಾನೇ. ಇಂಥ ನಾನು ಒಮ್ಮೆ ಒಂದು ಗುಟ್ಟನ್ನು ಬುಧವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನಗಬೇಡಿ. ನನ್ನ ಮಟ್ಟಿಗೆ ಅದು ನಿರ್ಜಲ ಏಕಾದಶಿಯನ್ನು ನಾಲ್ಕು ದಿನ ಒಟ್ಟಿಗೆ ಮಾಡಿದ ಹಾಗೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿದ್ದೆವು. ನಾನು ದಿನಾ ಆರೆಂಜ್ ಲೈನ್ ಮೆಟ್ರೋ ರೈಲು ಹಿಡಿದು ವಾಷಿಂಗ್ಟನ್ನಿಗೆ ಹೋಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಲೈಬ್ರರಿಯಲ್ಲಿ ವರದಿಗಳಿಗೆ ನಂಬರು ಅಂಟಿಸುತ್ತಿದ್ದೆ. ನನ್ನ ಪಕ್ಕದ ಮೇಜು ಇಂಗಾಳದು. ಯುರೋಪಿನ ಉತ್ತರದ ತುದಿಯಲ್ಲಿ, ನಕಾಶೆಯ ಮೇಲೆ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ ದೇಶದವಳು ಅವಳು. ಆ ದೇಶ ದೊಡ್ಡದೊಂದು ದೇಶದ ಹೊಟ್ಟೆಯಿಂದ ಬಿಡಿಸಿಕೊಂಡು ಸ್ವಂತ ಹೆಸರು ಬಾವುಟಗಳನ್ನು ಮತ್ತೆ ಪಡೆದು ಆಗಿನ್ನೂ ಕೆಲವೇ ವರ್ಷವಾಗಿತ್ತು. ಇಂಗಾ ಉದ್ದಕ್ಕಿದ್ದಳು, ಮಾತು ಕಡಿಮೆ. ನನ್ನ ಪುಳಿಯೋಗರೆಯನ್ನು ಮೊದಲ ಸಲ ತಿಂದಾಗ "ಇದರಲ್ಲಿ ಏನೋ ತಪ್ಪಾಗಿದೆ, ಆದರೆ ನಿಲ್ಲಿಸಲು ಆಗುತ್ತಿಲ್ಲ" ಎಂದಿದ್ದಳು. ಅಂದಿನಿಂದ ನಾವು ಗೆಳತಿಯರು.

ಯುರೋಪಿನ ದೇಶಗಳೆಲ್ಲ ವರ್ಷಕ್ಕೊಮ್ಮೆ ಸೇರಿ ಟೀವಿಯಲ್ಲಿ ಒಂದು ಹಾಡಿನ ಸ್ಪರ್ಧೆ ನಡೆಸುತ್ತವೆ. ದೇಶಕ್ಕೊಂದು ಹಾಡು. ಹಾಡೆಲ್ಲ ಮುಗಿದ ಮೇಲೆ ಪ್ರತಿ ದೇಶದ ತೀರ್ಪುಗಾರರೂ ಉಳಿದವರಿಗೆ ಅಂಕ ಕೊಡುತ್ತಾರೆ, ತಮ್ಮ ದೇಶಕ್ಕೆ ತಾವೇ ಕೊಟ್ಟುಕೊಳ್ಳುವ ಹಾಗಿಲ್ಲ. ಅಮೆರಿಕಾದಲ್ಲಿ ಆಗ ಅದನ್ನು ಯಾರೂ ತೋರಿಸುತ್ತಿರಲಿಲ್ಲ. ಆ ವರ್ಷ ಇಂಗಾಳ ದೇಶ ತನ್ನದೇ ಹೆಸರಿನಲ್ಲಿ ಮೊದಲ ಬಾರಿಗೆ ಹಾಡಿತ್ತು. ಅವಳ ಅಣ್ಣ ಅದನ್ನು ಊರಿನ ಟೀವಿಯಿಂದ ಕ್ಯಾಸೆಟ್ಟಿಗೆ ಇಳಿಸಿ ಪೋಸ್ಟಿನಲ್ಲಿ ಕಳಿಸಿದ್ದ. ಕ್ಯಾಸೆಟ್ಟು ಬಂದು ತಲುಪುವವರೆಗೆ, ತಲುಪಿದ ಮೇಲೆ ಕೂತು ನೋಡುವವರೆಗೆ, ಫಲಿತಾಂಶ ಏನೆಂದು ಯಾರಿಂದಲೂ ಕೇಳಬಾರದೆಂದು ಇಂಗಾ ಪಟ್ಟು ಹಿಡಿದಿದ್ದಳು. ಕ್ಯಾಂಟೀನಿನಲ್ಲಿ ಯುರೋಪಿನವರು ಕೂರುವ ಮೇಜಿನ ಕಡೆಗೇ ಹೋಗುತ್ತಿರಲಿಲ್ಲ. ಆ ಕಡೆಯ ಪೇಪರುಗಳು ಲೈಬ್ರರಿಗೆ ಬಂದರೆ ಜೋಡಿಸಲು ನನ್ನ ಕೈಗೆ ದಾಟಿಸಿಬಿಡುತ್ತಿದ್ದಳು. ಊರಿನಿಂದ ತಾಯಿ ಫೋನ್ ಮಾಡಿದರೂ ಎತ್ತುತ್ತಿರಲಿಲ್ಲ.

"ಅಮ್ಮನ ಫೋನೂ ಎತ್ತಲ್ವಾ?" ಎಂದು ನಾನು ಬಾಯಿ ಬಿಟ್ಟೆ.

"ಅಮ್ಮ ಮೊದಲು ಹೇಳುವುದೇ ಅದನ್ನು" ಎಂದಳು. "ಮೂರು ವಾರ. ಮೂರು ವಾರ ತಡೆದುಕೊಂಡರೆ ಎಲ್ಲರ ಹಾಗೆ ನಾನೂ ಎದೆ ಹಿಡಿದುಕೊಂಡು ನೋಡಬಹುದು. ನಮ್ಮ ಹೆಸರು ಬೋರ್ಡಿನ ಮೇಲೆ ಬರುವುದನ್ನು ನಾನು ಹಳೇ ಸುದ್ದಿಯಾಗಿ ನೋಡುವುದಿಲ್ಲ."

ನನಗೆ ಹಟಮಾರಿಗಳನ್ನು ಕಂಡರೆ ಮೊದಲಿಂದಲೂ ಗೌರವ. ಅವಳ ಆ ಪಟ್ಟನ್ನು ನಾನು ನನ್ನದೇ ವ್ರತ ಎಂಬಂತೆ ಮೈಮೇಲೆ ಹಾಕಿಕೊಂಡೆ.

ಒಂದು ಶುಕ್ರವಾರ ಇಂಗಾ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಕ್ಯಾಸೆಟ್ಟು ಬಂದಿದೆ, ಆದರೆ ಹಾಳಾಗಿದೆ. ವಿಸಿಆರಿಗೆ ಹಾಕಿದರೆ ಬರೀ ಗೆರೆಗಳು ಉರುಳುತ್ತವೆಯಂತೆ. ನನಗೆ ನಗು ಬಂತು. ಆ ಕಾಲದಲ್ಲಿ ಅಮೆರಿಕಾದಲ್ಲಿದ್ದ ಯಾವ ಕನ್ನಡದ ಗೃಹಿಣಿಯನ್ನು ಎಬ್ಬಿಸಿ ಕೇಳಿದ್ದರೂ ಆ ರೋಗಕ್ಕೆ ಮದ್ದು ಹೇಳುತ್ತಿದ್ದಳು. ಇಲ್ಲಿಯ ಟೀವಿಯ ಪದ್ಧತಿ ಬೇರೆ, ಸಮುದ್ರದಾಚೆಯದು ಬೇರೆ. ನಾದಿನಿಯ ಮದುವೆಯ ಕ್ಯಾಸೆಟ್ಟು ಬೆಂಗಳೂರಿನಿಂದ ಬಂದಾಗ ಮಾಂಗಲ್ಯಧಾರಣೆಯ ಬದಲು ಗೆರೆಗಳನ್ನು ನೋಡಿ ಅತ್ತವರು ನಾವು. ಅದಕ್ಕೆಂದೇ, ಇಲ್ಲಿಯ ನಮ್ಮವರು ಬಹಳ ಮಂದಿ ಮಾಡಿದ ಹಾಗೆ, ಎಲ್ಲ ದೇಶದ ಕ್ಯಾಸೆಟ್ಟನ್ನೂ ಓಡಿಸುವ ಮಲ್ಟಿ ಸಿಸ್ಟಮ್ ವಿಸಿಆರ್ ಒಂದನ್ನು ನನ್ನ ಗಂಡ ರಘು ನ್ಯೂಯಾರ್ಕಿನವರೆಗೆ ಹೋಗಿ ಹೊತ್ತು ತಂದಿದ್ದರು. ಅದರ ಮೇಲೆ ಅವರಿಗಿದ್ದ ಪ್ರೀತಿಯನ್ನು ಕಂಡು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ.

"ಹಾಳಾಗಿಲ್ಲ, ನಮ್ಮನೇಲಿ ಓಡುತ್ತೆ. ಮುಂದಿನ ಭಾನುವಾರ ಬಾ" ಎಂದೆ.

"ಜನ ಇರಬೇಕು. ಇದನ್ನು ಒಬ್ಬರೇ ನೋಡುವುದಿಲ್ಲ. ನಮ್ಮಲ್ಲಿ ಬೀದಿಯೇ ಒಂದು ಮನೆಯಲ್ಲಿ ಕೂರುತ್ತದೆ."

"ಜನಕ್ಕೇನು ಬರ?" ಎಂದೆ. ಕನ್ನಡದವರ ಮನೆಯಲ್ಲಿ ಜನ ಸೇರಿಸುವುದಕ್ಕೆ ಒಂದು ಫೋನ್ ಸಾಕು, ಕಳಿಸುವುದೇ ಕಷ್ಟ. ಓಡುತ್ತದೋ ಇಲ್ಲವೋ ಮೊದಲೇ ನೋಡಿಡುತ್ತೇನೆಂದು ಅವಳಿಂದ ಕ್ಯಾಸೆಟ್ಟು ಇಸಿದುಕೊಂಡೆ. ಎರಡೇ ನಿಮಿಷ ಓಡಿಸಿ, ಬಣ್ಣಬಣ್ಣವಾಗಿ ಬಂತೆಂದು ಖಾತ್ರಿಮಾಡಿಕೊಂಡು ವಿಸಿಆರಿನ ತಲೆಯ ಮೇಲೆ ಇಟ್ಟೆ.

ಅಲ್ಲಿ ಇಟ್ಟದ್ದೇ ಎಡವಟ್ಟು. ವಿಸಿಆರಿನ ತಲೆ ಎಂದರೆ ಆಗ ನಮ್ಮವರ ಮನೆಗಳಲ್ಲಿ ಊರಬಾವಿಯ ಕಟ್ಟೆ ಇದ್ದ ಹಾಗೆ. ಅಲ್ಲಿರುವ ಕ್ಯಾಸೆಟ್ಟು ಯಾರದೂ ಅಲ್ಲ, ಎಲ್ಲರದು. ಊಟಕ್ಕೆ ಬಂದವರು ಕೈ ತೊಳೆದು ಬಂದು ಅಲ್ಲಿಂದ ಒಂದನ್ನು ಎತ್ತಿಕೊಳ್ಳುತ್ತಾರೆ, ತಾವು ತಂದದ್ದನ್ನು ಅಲ್ಲಿಡುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹೀಗೆ ಯಾರದೋ ಮದುವೆ ಯಾರದೋ ಗೃಹಪ್ರವೇಶದ ಕ್ಯಾಸೆಟ್ಟುಗಳು ವರ್ಜೀನಿಯಾ, ಮೇರಿಲ್ಯಾಂಡುಗಳನ್ನೆಲ್ಲ ಸುತ್ತಿ ಒಂದು ದಿನ ಹುಟ್ಟಿದ ಮನೆಗೆ ಬರುತ್ತಿದ್ದವು. ಗುರುತೇ ಇಲ್ಲದ ಒಬ್ಬರು ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ "ನಿಮ್ಮ ನಾದಿನಿ ಧಾರೆ ಸೀರೆ ತುಂಬಾ ಚೆನ್ನಾಗಿತ್ತು ಕಣ್ರೀ" ಎಂದದ್ದುಂಟು.

ಶನಿವಾರ ಹರ್ನ್‌ಡನ್ನಿನಿಂದ ನಾಗೇಂದ್ರ ಊಟಕ್ಕೆ ಬಂದಿದ್ದರು. ಡಲ್ಲೆಸ್ ಏರ್‌ಪೋರ್ಟಿನ ಹತ್ತಿರ ಸಾಫ್ಟ್‌ವೇರ್ ಕೆಲಸ; ರಘುವಿನ ಕಾಲೇಜಿನ ಸ್ನೇಹಿತರು. ಸೋಮವಾರ ನಾನು ನೋಡಿದರೆ ವಿಸಿಆರಿನ ಮೇಲೆ ಇಂಗಾಳ ಕ್ಯಾಸೆಟ್ಟಿಲ್ಲ, ಅದರ ಜಾಗದಲ್ಲಿ ಯಾರದೋ ಷಷ್ಟಿಪೂರ್ತಿ. ಕೂಡಲೇ ನಾಗೇಂದ್ರರಿಗೆ ಫೋನ್ ಮಾಡಿದೆ.

"ಅದಾ ಮೇಡಂ? ಲೇಬಲ್ ಓದಕ್ಕಾಗ್ಲಿಲ್ಲ, ಯಾರೋ ಯುರೋಪ್ ಟೂರ್ ಹೋಗಿರ್ಬೇಕು ಅಂದ್ಕೊಂಡೆ. ಫಾಸ್ಟ್ ಫಾರ್ವರ್ಡ್ ಮಾಡಿ ಕೊನೇವರ್ಗೂ ನೋಡ್ದೆ, ಬರೀ ಹಾಡು. ಸರೋಜಕ್ಕಂಗೆ ಕೊಟ್ಬಿಟ್ನಲ್ಲಾ!"

ಸರೋಜಕ್ಕ ಧಾರವಾಡದವರು. ಅವರ ಯಜಮಾನರು ಡಾಕ್ಟರು, ಮನೆ ನದಿಯಾಚೆ ಮೇರಿಲ್ಯಾಂಡಿನಲ್ಲಿ. ಊರನ್ನು ಸುತ್ತುವ ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರು ಓಡಿಸುವುದೆಂದರೆ ನನಗೆ ಆಗದು. ಅಲ್ಲಿಯವರೆಗೆ ಒಬ್ಬಳೇ ಹೋಗಿರಲಿಲ್ಲ. ಬುಧವಾರ ಸಂಜೆ ಹೋದೆ. ಬಲಗಡೆಯ ಲೇನ್ ಬಿಡದೆ, ಹಿಂದಿನವರ ಹಾರ್ನಿಗೆ ಕಿವಿ ಕೊಡದೆ, ಬಾಯಲ್ಲಿ ಬಂದ ಎಲ್ಲ ದೇವರ ಹೆಸರನ್ನೂ ಹೇಳಿಕೊಂಡು ಹೋಗಿ ತಲುಪಿದೆ. ತಂದೇ ತರುತ್ತೇನೆಂದು ಹಲ್ಲು ಕಚ್ಚಿಕೊಂಡು ಹೋದವಳಿಗೆ, ಮುಂದಾದದ್ದನ್ನು ನೋಡಿದರೆ, ದಾರಿಯಲ್ಲೇ ಕಾರು ಕೆಟ್ಟು ನಿಂತಿದ್ದರೂ ಒಳ್ಳೆಯದಿತ್ತು.

"ಅಯ್ಯ, ಬಾರವಾ ವಸುಧಾ" ಎಂದು ಸರೋಜಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಎಷ್ಟ ಛಲೋ ಕ್ಯಾಸೆಟ್ಟವಾ ಅದು! ನಾ ಎರಡ ಸರ್ತಿ ನೋಡೀನಿ. ಯಾರದದು?"

ಇಲ್ಲಿ ನನ್ನ ಬಾಯಿ ತನ್ನ ಕೆಲಸ ಮಾಡಿತು. ಸುಮ್ಮನೆ ಕ್ಯಾಸೆಟ್ಟು ಇಸಿದುಕೊಂಡು ಬರಬಹುದಿತ್ತು. ಅದರ ಬದಲು, ನನ್ನ ಗೆಳತಿಯದು, ಅವಳ ದೇಶ ಮೊದಲ ಸಲ ಹಾಡಿದೆ, ಅವಳಿಗಿನ್ನೂ ಏನೂ ಗೊತ್ತಿಲ್ಲ, ಯಾರೂ ಹೇಳಬಾರದು ಎಂದು ಇಡೀ ಪುರಾಣ ಬಿಚ್ಚಿ, ಕೊನೆಗೆ ದೇಶದ ಹೆಸರನ್ನೂ ಹೇಳಿದೆ.

"ಅಯ್ಯ ಪಾಪ!" ಎಂದು ಸರೋಜಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡರು. "ಆ ಬೂದಿ ಬಣ್ಣದ ಅಂಗಿ ಹುಡುಗೀನ? ಅಕೀಗೆ ಎರಡ ಮಾರ್ಕ್ಸ್ ಬಿದ್ದಾವ ನೋಡು. ಎಲ್ಲಾರಕಿಂತ ಕಡೀಕ."

ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆ, ಆದರೆ ಮಾತು ಆಗಲೇ ಒಳಗೆ ಹೋಗಿ ಕೂತಿತ್ತು.

ಗುರುವಾರ, ಶುಕ್ರವಾರ ಇಂಗಾಳ ಪಕ್ಕದಲ್ಲಿ ಕೂತು ನಾನು ಪಟ್ಟ ಪಾಡು ನನಗೇ ಗೊತ್ತು. ಅವಳು "ಭಾನುವಾರ" ಎಂದರೆ ಸಾಕು, ನಾನು ಎದ್ದು ಝೆರಾಕ್ಸ್ ಮಾಡಲು ಓಡುತ್ತಿದ್ದೆ. ಆ ಎರಡು ದಿನ ಲೈಬ್ರರಿಯಲ್ಲಿ ಬೇಡದ ಪುಟಗಳಿಗೆಲ್ಲ ಪ್ರತಿ ಸಿದ್ಧವಾಯಿತು. ಹೇಳಿಬಿಟ್ಟರೆ ಅವಳ ಮೂರು ವಾರ ನೀರುಪಾಲು. ಅವಳು ತಾಯಿಯ ದನಿಯನ್ನೇ ಬಿಟ್ಟುಕೊಟ್ಟು ಕಾದಿರುವಾಗ ನಾನು ಒಂದು ವಾಕ್ಯವನ್ನು ತಡೆದುಕೊಳ್ಳಲಾರೆನೇ? ತಡೆದುಕೊಳ್ಳುತ್ತೇನೆ ಎಂದು ನಿಶ್ಚಯ ಮಾಡಿದೆ. ಗಂಡನಿಗೆ ಮಾತ್ರ ಹೇಳಿದೆ, ಗಂಡನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಗೊತ್ತಿದ್ದವರೆಲ್ಲರಿಗೂ ಫೋನ್ ಮಾಡಿ ಆಣೆ ಹಾಕಿಸಿಕೊಂಡೆ. ಬೇರೆ ಜನರನ್ನು ಕರೆಯಬಹುದಿತ್ತಲ್ಲ ಎನ್ನುತ್ತೀರಿ. ಕ್ಯಾಸೆಟ್ಟಿನ ರುಚಿ ಕಂಡ ಸರೋಜಕ್ಕನನ್ನು ಬಿಟ್ಟು ಕ್ಯಾಸೆಟ್ಟು ಹಾಕಿದರೆ ಈ ಜನ್ಮದಲ್ಲಿ ಕ್ಷಮೆ ಸಿಗುತ್ತಿರಲಿಲ್ಲ. ಅವರು "ನಾ ಯಾಕ ಹೇಳಲೆವಾ, ನನ್ನ ಬಾಯಾಗ ಹೋಳಿಗಿ ಇರ್ತದ" ಎಂದರು. ನಾಗೇಂದ್ರ, "ನನ್ನ ಬಾಯಿಗೆ ಬೀಗ ಮೇಡಂ. ಆದ್ರೆ ಗೆದ್ದೋರ್ ಹಾಡು ಬಂದಾಗ ಒಂಚೂರು ಜೋರಾಗಿ ಚಪ್ಪಾಳೆ ತಟ್ಬೋದಾ?" ಎಂದರು. ತಟ್ಟಕೂಡದು ಎಂದೆ.

ಹಾಡಿಗೆ ಅಂಕ ಕೊಡುವ ವಿಚಾರವೇ ನಮಗೆ ಅಷ್ಟಾಗಿ ಒಗ್ಗಿದ್ದಲ್ಲ. ನಮ್ಮಲ್ಲಿ ನಾಲ್ಕು ಜನ ಸೇರಿದ ಕಡೆ ಹಾಡು ಇದ್ದೇ ಇರುತ್ತದೆ, ಆದರೆ ಅದರ ಶಾಸ್ತ್ರವೇ ಬೇರೆ. ಒಬ್ಬರು "ಒಂದು ಹಾಡು ಹೇಳ್ರೀ" ಎನ್ನಬೇಕು. ಹಾಡುವವರು "ಅಯ್ಯೋ, ಗಂಟಲು ಸರಿ ಇಲ್ಲ" ಎನ್ನಬೇಕು. ಮೂರು ಸಲ ಬಲವಂತ ಮಾಡಿಸಿಕೊಂಡು, ಪುಸ್ತಕ ತಂದಿಲ್ಲ ಎನ್ನುತ್ತಲೇ ಬ್ಯಾಗಿನಿಂದ ಪುಸ್ತಕ ತೆಗೆದು, ಒಂದಕ್ಕೆ ಮೂರು ಹಾಡಬೇಕು. ಕೊನೆಗೆ ಎಲ್ಲರೂ "ಚೆನ್ನಾಗಿತ್ತು" ಎನ್ನಬೇಕು, ಹಾಗಂದರೆ ಮಾತ್ರ ಕಾಫಿ ಬರುವುದು. ನಮ್ಮಲ್ಲಿ ಹಾಡಿಗೆ ನಿಜವಾಗಿ ಅಂಕ ಬೀಳುತ್ತಿದ್ದದ್ದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತ್ರ. ನಾನೂ ಹಾಡಿದವಳೇ. ಎದುರಿಗೆ ಐದು ಜನ ತೀರ್ಪುಗಾರರು ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಎರಡು ಕಡೆ ಸೋತು ಮೂರನೆಯ ಕಡೆ ಗೆದ್ದೆ. ಅಲ್ಲಿ ವರನಾಗಿ ಬಂದಿದ್ದ ರಘುವಿನ ಟ್ರಾನ್ಸಿಸ್ಟರ್ ಕೆಟ್ಟುಹೋಗಿ ಅವರ ಗಮನ ಪೂರ್ತಿ ಅದರ ಮೇಲಿತ್ತೆಂದು ಆಮೇಲೆ ತಿಳಿಯಿತು. ಎಲ್ಲರೆದುರು ಹಾಡಿ ಅಂಕಕ್ಕೆ ಕಾಯುವವಳ ಎದೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಇಂಗಾ ಬಂದಳು. ನೀಲಿ ಉಡುಪು, ಕೈಯಲ್ಲಿ ಏಲಕ್ಕಿ ಹಾಕಿದ ಬನ್ನಿನ ಬುಟ್ಟಿ. ರಘು ದೇಶಗಳ ಹೆಸರಿರುವ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿ ಎಲ್ಲರಿಗೂ ಹಂಚಿದರು. ನಮ್ಮ ಒಂಬತ್ತು ವರ್ಷದ ಮಗಳು ಅನು ಪೆನ್ಸಿಲ್ ಕೊಟ್ಟುಕೊಂಡು ಬಂದಳು. ಸರೋಜಕ್ಕ ಹೋಳಿಗೆಯ ಡಬ್ಬಿಯೊಂದಿಗೆ ಸೋಫಾದ ನಡುವೆ ಆಸೀನರಾದರು. ಕ್ಯಾಸೆಟ್ಟು ಓಡತೊಡಗಿತು.

ನಮ್ಮವರು ಅಷ್ಟು ಚೆನ್ನಾಗಿ ನಟಿಸಬಲ್ಲರೆಂದು ನಾನು ಎಣಿಸಿರಲಿಲ್ಲ. ನಾಗೇಂದ್ರ ಗೆಲ್ಲಬಾರದವರಿಗೆಲ್ಲ ಉದಾರವಾಗಿ ಅಂಕ ಹಾಕುತ್ತ "ಟಫ್ ಕಾಂಪಿಟಿಷನ್" ಎಂದು ಗಂಭೀರವಾಗಿ ತಲೆಯಾಡಿಸಿದರು. ಸರೋಜಕ್ಕ ಒಮ್ಮೆ ಮಾತ್ರ "ಈಗ ಬರ್ತಾಳ ನೋಡ್ರಿ" ಎಂದರು. ರಘು ಜೋರಾಗಿ ಕೆಮ್ಮಿ ಮುಚ್ಚಿಹಾಕಿದರು. ಬಂದಳು. ಬೂದಿ ಬಣ್ಣದ ಉಡುಪಿನ ತೆಳ್ಳನೆಯ ಹುಡುಗಿ. ಪರದೆಯ ಮೇಲೆ ದೇಶದ ಹೆಸರು ಮೂಡಿದಾಗ ಇಂಗಾ ಎದ್ದು ನಿಂತಳು. ಅವಳು ನಿಂತದ್ದು ನೋಡಿ ನಾವೂ ನಿಂತೆವು, ನಾಡಗೀತೆಗೆ ನಿಲ್ಲುವ ಹಾಗೆ, ಕೈ ಕೆಳಗೆ ಬಿಟ್ಟುಕೊಂಡು. ಹಾಡು ಸ್ವಲ್ಪ ದುಃಖದ್ದು, ಸ್ವಲ್ಪ ಉದ್ದವಾದದ್ದು. ನನಗೆ ಹಿಡಿಸಿತು. ಮುಗಿದಾಗ ಇಂಗಾಳ ಕೆನ್ನೆ ಕೆಂಪಗಾಗಿತ್ತು. "ಅವಳು ಒಂದು ಕಡೆಯೂ ತಪ್ಪಲಿಲ್ಲ" ಎಂದಳು.

ಅಂಕ ಹಾಕುವುದು ಶುರುವಾಯಿತು. ಮೊದಲ ದೇಶ, ಏನೂ ಇಲ್ಲ. ಎರಡನೆಯದು, ಇಲ್ಲ. ಅಕ್ಕಪಕ್ಕದ ದೇಶಗಳು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದ ರೀತಿ ನೋಡಿದರೆ ನಮ್ಮ ಕನ್ನಡ ಸಂಘದ ರಂಗೋಲಿ ಸ್ಪರ್ಧೆಯೇ ಮೇಲು. ಮೂರನೆಯದೂ ಇಲ್ಲವಾದಾಗ ಸರೋಜಕ್ಕ ಇಂಗಾಳ ತಟ್ಟೆಗೆ ಒಂದು ಹೋಳಿಗೆ ಹಾಕಿದರು. ಐದನೆಯದಕ್ಕೆ ಇನ್ನೊಂದು, ಮೇಲೆ ತುಪ್ಪ. "ಒನ್ ಮೋರ್, ಒನ್ ಮೋರ್, ಸ್ಮಾಲ್ ಅದ." ಕೂತಲ್ಲಿಂದ ಏಳುವ ಅಭ್ಯಾಸವೇ ಇಲ್ಲದ ನಾಗೇಂದ್ರ ಎದ್ದು ಅವಳ ಬೆನ್ನಿಗೊಂದು ದಿಂಬು ಕೊಟ್ಟರು. ರಘು ಕೇಳದೆಯೇ ಕಾಫಿ ತಂದರು. ನಾನು ಏನು ಮಾಡುತ್ತಿದ್ದೇನೆಂದು ನೋಡಿಕೊಂಡರೆ, ನನ್ನ ಕೈ ಅವಳ ಬೆನ್ನು ಸವರುತ್ತಿತ್ತು.

ಮೂರನೆಯ ಹೋಳಿಗೆ ತಟ್ಟೆಗೆ ಬಿದ್ದಾಗ ಇಂಗಾ ತಟ್ಟೆಯನ್ನು ಕೆಳಗಿಟ್ಟು ರಿಮೋಟ್ ಕೇಳಿದಳು. ಚಿತ್ರವನ್ನು ನಿಲ್ಲಿಸಿದಳು.

"ಇನ್ನೂ ಅರ್ಧಕ್ಕಿಂತ ಹೆಚ್ಚು ದೇಶ ಬಾಕಿ ಇವೆ" ಎಂದಳು, ಇಂಗ್ಲಿಷಿನಲ್ಲಿ, ನಿಧಾನವಾಗಿ. "ನೀವು ಯಾಕೆ ಈಗಲೇ ಸತ್ತವರ ಮನೆಗೆ ಬಂದವರ ಹಾಗೆ ನನ್ನನ್ನು ನೋಡುತ್ತಿದ್ದೀರಿ?"

ಬಾಯಿಗೆ ಬೀಗ ಹಾಕಿದ್ದೆವು, ನಿಜ. ಕೈಗೆ ಹಾಕುವುದು ಮರೆತಿದ್ದೆವು. ಕಷ್ಟದಲ್ಲಿರುವವರಿಗೆ ಬಡಿಸದೆ ಇರುವುದನ್ನು ನಮಗೆ ಯಾರೂ ಕಲಿಸಿಲ್ಲ.

"ಐ ಡಿಡಂಟ್ ಟೆಲ್!" ಎಂದಳು ಅನು ನನ್ನ ಕಡೆ ತಿರುಗಿ. "ಅಮ್ಮಾ, ನಾನು ಹೇಳಿಲ್ಲ!" ಅವಳಿಗೂ ಗೊತ್ತಿತ್ತೆಂದು ನನಗೆ ತಿಳಿದದ್ದೇ ಆಗ.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಕ್ಯಾಸೆಟ್ಟು ಹರ್ನ್‌ಡನ್ನಿಗೆ ಹೋದದ್ದು, ಮೇರಿಲ್ಯಾಂಡಿಗೆ ಹೋದದ್ದು, ನಾನು ತರಲು ಹೋದದ್ದು, ಬುಧವಾರದಿಂದ ತಡೆದುಕೊಂಡದ್ದು. ಮೂರು ವಾರ ಒಬ್ಬಳೇ ಕಾಯ್ದುಕೊಂಡದ್ದನ್ನು ನನ್ನ ಕೈಗೆ ಕೊಟ್ಟಿದ್ದಳು, ನಾನು ಅದನ್ನು ಊರೆಲ್ಲ ಸುತ್ತಿಸಿಬಿಟ್ಟಿದ್ದೆ. ಆ ಹೊತ್ತು ನನಗಾದಷ್ಟು ನಾಚಿಕೆ ಬದುಕಿನಲ್ಲಿ ಹೆಚ್ಚು ಸಲ ಆಗಿಲ್ಲ.

ಇಂಗಾ ನಿಂತುಹೋಗಿದ್ದ ಬೋರ್ಡಿನ ಕಡೆ ತಿರುಗಿದಳು. "ಎಷ್ಟು ಅಂಕ ಎಂದು ಹೇಳಬೇಡಿ" ಎಂದಳು. "ಅದನ್ನಾದರೂ ನಾನೇ ನೋಡುತ್ತೇನೆ." ಬಟನ್ ಒತ್ತಿದಳು. ಈ ಸಲ ಕೂರಲಿಲ್ಲ, ಕೈ ಕಟ್ಟಿಕೊಂಡು ನಿಂತೇ ನೋಡಿದಳು.

ಒಂದೊಂದೇ ದೇಶ ಬಂದು ಹೋಯಿತು. ಇಲ್ಲ. ಇಲ್ಲ. ಇಲ್ಲ. ಆಮೇಲೆ ದಕ್ಷಿಣದ ಯಾವುದೋ ದೇಶದ ಹೆಂಗಸಿನ ದನಿ ಫೋನಿನಲ್ಲಿ ಗೊರಗೊರ ಎನ್ನುತ್ತ ಇಂಗಾಳ ದೇಶದ ಹೆಸರು ಹೇಳಿ ಎರಡು ಅಂಕ ಎಂದಿತು. ಬೋರ್ಡಿನಲ್ಲಿ ಸೊನ್ನೆ ಹೋಗಿ ಎರಡು ಬಂತು. ಆಗ ನಮ್ಮ ಮನೆಯಲ್ಲಿ ಎದ್ದ ಕೂಗಿಗೆ ಪಕ್ಕದ ಟೌನ್‌ಹೌಸಿನವರು ಗೋಡೆ ಬಡಿದರು. ಎರಡು ಸಲ ಪೂರ್ತಿ ನೋಡಿದ್ದ ಸರೋಜಕ್ಕ "ಬಂತು! ಬಂತು!" ಎಂದು ಎದ್ದು ಇಂಗಾಳನ್ನು ತಬ್ಬಿಕೊಂಡು ಅತ್ತರು. ನಾಗೇಂದ್ರ ಸಿಳ್ಳೆ ಹಾಕಿದರು. ಅದು ನಟನೆಯಲ್ಲ. ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಬರುತ್ತದೆಂದು ಬುಧವಾರದಿಂದ ಗೊತ್ತಿದ್ದ ನನ್ನ ಮೈಯೂ ಜುಮ್ಮೆಂದಿತ್ತು.

ಆ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಮೈಸೂರಿನಲ್ಲಿ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಹರಿಕಥೆ ನಡೆಯುವಾಗ ಕೂತಿದ್ದ ಅಜ್ಜಿಯರಲ್ಲಿ ಕಥೆಯ ಕೊನೆ ಗೊತ್ತಿಲ್ಲದವರು ಒಬ್ಬರೂ ಇರುತ್ತಿರಲಿಲ್ಲ. ಯಾರು ಗೆಲ್ಲುತ್ತಾರೆ, ಯಾರು ಕಾಡಿಗೆ ಹೋಗುತ್ತಾರೆ, ಎಲ್ಲ ಬಾಯಿಪಾಠ. ಆದರೂ ದಾಸರು ಆ ಘಟ್ಟಕ್ಕೆ ಬಂದಾಗ ಪ್ರತಿ ವರ್ಷವೂ ಸೆರಗು ಕಣ್ಣಿಗೆ ಹೋಗುತ್ತಿತ್ತು. ಗುಟ್ಟು ಒಡೆದರೆ ರಸ ಸೋರಿಹೋಗುತ್ತದೆಂಬ ಭಯ ನಮ್ಮವರಿಗೆ ಇದ್ದಂತಿಲ್ಲ. ಹಾಗೆಂದು ನನ್ನ ತಪ್ಪು ತಪ್ಪಲ್ಲವೆಂದು ವಾದಿಸುತ್ತಿಲ್ಲ. ಇಂಗಾಳದು ಬೇರೆ ವ್ರತ, ಅದನ್ನು ಮುರಿದವಳು ನಾನು.

ಕೊನೆಗೆ ಪೂರ್ತಿ ಪಟ್ಟಿ ಬಂತು. ಇಂಗಾಳ ದೇಶ ಎಲ್ಲರಿಗಿಂತ ಕೆಳಗಿತ್ತು. ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಓದಿ, ವಿಸಿಆರ್ ಆರಿಸಿ, "ನಿಮ್ಮ ಫೋನಿನಿಂದ ಊರಿಗೆ ಮಾತಾಡಬಹುದಾ?" ಎಂದಳು.

ಅಡುಗೆಮನೆಯ ಗೋಡೆಯ ಫೋನಿನಲ್ಲಿ ನಿಂತು ಮಾತಾಡಿದಳು. ನಮಗೆ ಅವಳ ಭಾಷೆಯ ಒಂದಕ್ಷರ ಬಾರದು, ಆದರೂ ಎಲ್ಲರೂ ಏನೋ ಕೆಲಸವಿರುವವರಂತೆ ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದೆವು. ಮೊದಲು ಅವಳು ಏನೋ ಕೇಳಿಸಿಕೊಂಡು ಬೆರಗಾದಳು, ಆಮೇಲೆ ಜೋರಾಗಿ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹೇಳಿದಳು. ನಡುವೆ "ಇಂಡಿಯಾ" ಎಂಬ ಮಾತು ಎರಡು ಸಲ ಬಂತು, "ಸರೋಜಾ" ಎಂಬುದು ಒಂದು ಸಲ.

ಫೋನ್ ಇಟ್ಟ ಮೇಲೆ ಹೇಳಿದಳು. ಅವಳ ತಾಯಿ ಮೂರು ವಾರ ಫೋನ್ ಮಾಡುತ್ತಿದ್ದದ್ದು ಫಲಿತಾಂಶ ಹೇಳುವುದಕ್ಕಲ್ಲ, ಕೇಳುವುದಕ್ಕೆ. ಮಗಳು ಅಷ್ಟು ದೂರದಲ್ಲಿ ನೋಡದೆ ಕೂತಿರುವಾಗ ತಾನೂ ಅಂಕ ನೋಡುವುದಿಲ್ಲವೆಂದು ಆಕೆ ಅಂದು ಹಾಡು ಮುಗಿದ ಕೂಡಲೇ ಟೀವಿಯ ಮುಂದಿನಿಂದ ಎದ್ದು ತೋಟಕ್ಕೆ ಹೋಗಿದ್ದರಂತೆ. ಒಬ್ಬಂಟಿ ತೋಟದ ಮನೆ, ಬೇರೆ ಯಾರಿಂದಲೂ ಸುದ್ದಿ ಬರುವಂತಿರಲಿಲ್ಲ. ಮಗನಿಗೂ ಬಂದ ನೆರೆಯವರಿಗೂ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆ. ಹೇಳಿದರೆ ಮಗಳೇ ಹೇಳಬೇಕು. ಅಂಥ ತಾಯಿಗೆ ಇಂಥ ಮಗಳು ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದುಕೊಂಡೆ.

"ಮತ್ತೆ ಏನು ಹೇಳಿದೆ?" ಎಂದು ಕೇಳಿದೆ.

"ಅವಳು ತಪ್ಪದೆ ಹಾಡಿದಳು ಎಂದೆ. ಎರಡು ಅಂಕ ಬಂದಾಗ ಇಲ್ಲಿ ಒಂದು ಮನೆ ತುಂಬ ಇಂಡಿಯಾದವರು ಎದ್ದು ಕೂಗಿದರು, ಒಬ್ಬ ಹೆಂಗಸು ಅತ್ತಳು ಎಂದೆ. ಅಮ್ಮನೂ ಅತ್ತಳು."

"ಎಷ್ಟನೇ ಸ್ಥಾನ ಅಂತ ಕೇಳಲಿಲ್ವಾ?"

"ಕೇಳಿದಳು." ಇಂಗಾ ಕಣ್ಣೊರೆಸಿಕೊಂಡು ತನ್ನ ತಣ್ಣಗಾದ ಕಾಫಿಯನ್ನು ಎತ್ತಿಕೊಂಡಳು. "ಅಷ್ಟರಲ್ಲಿ ಟೇಪು ಮುಗಿದುಹೋಯಿತು ಎಂದೆ."

ಸರೋಜಕ್ಕನಿಗೆ ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ, "ಅದೇನ ಸುಳ್ಳಲ್ಲ ಬಿಡವಾ" ಎಂದರು. "ಟೇಪು ಎಲ್ಲೋ ಒಂದ ಕಡೆ ಮುಗೀಲೇಬೇಕು. ತನ್ನ ತಾಯಿಗೆ ಅದು ಎಲ್ಲೆ ಮುಗೀಬೇಕು ಅನ್ನೋದು ಅಕೀಗೇ ಗೊತ್ತು."